ಕರ್ನಾಟಕದಲ್ಲಿ ಗಾಳದ ಮೀನುಬೇಟೆ

ಗಾಳದ ಮೀನುಬೇಟೆ ಎಂದರೆ ಕೋಲು, ದಾರ, ಕೊಕ್ಕೆ ಮತ್ತು ಎರೆಯ ನೆರವಿನಿಂದ ಮೀನುಗಳನ್ನು ಒಂದೊಂದಾಗಿ ಹಿಡಿಯುವ ವಿಧಾನ. ಜೀವನೋಪಾಯಕ್ಕಾಗಿ ನಡೆಯುವ ಬಲೆ ಮೀನುಗಾರಿಕೆಯಿಂದ ಬೇರ್ಪಡಿಸಿ, ವಿನೋದಕ್ಕಾಗಿ ನಡೆಸುವ ಗಾಳದ ಬೇಟೆಯನ್ನು ಹವ್ಯಾಸಿ ಮೀನುಗಾರಿಕೆ ಅಥವಾ ಕ್ರೀಡಾ ಮೀನುಗಾರಿಕೆ ಎಂದು ಕರೆಯಲಾಗುತ್ತದೆ. ಕರ್ನಾಟಕದಲ್ಲಿ ಇದು ಮೂರು ನೆಲೆಗಳಲ್ಲಿ ಕಂಡುಬರುತ್ತದೆ: ಅರಬ್ಬಿ ಸಮುದ್ರದ ಕರಾವಳಿ, ಅಳಿವೆ ಮತ್ತು ದ್ವೀಪಗಳ ಉಪ್ಪುನೀರು, ಕಾವೇರಿ, ತುಂಗಭದ್ರಾ ಮೊದಲಾದ ನದಿಗಳು, ಮತ್ತು ಬಯಲುಸೀಮೆಯ ಕೆರೆಗಳು. ಕಾವೇರಿಯ ಮಹಶೀರ್ ಮೀನಿನಿಂದಾಗಿ ಕರ್ನಾಟಕವು ಗಾಳಗಾರರ ವಲಯದಲ್ಲಿ ಜಗತ್ಪ್ರಸಿದ್ಧವಾಯಿತು. ಅದೇ ಮೀನು ಇಂದು ಅಳಿವಿನ ಅಂಚಿನಲ್ಲಿರುವುದರಿಂದ, ಈ ಕ್ರೀಡೆ ಮೀನನ್ನು ಉಳಿಸುತ್ತದೆಯೇ ಅಥವಾ ಅಳಿಸುತ್ತದೆಯೇ ಎಂಬ ಪ್ರಶ್ನೆ ಪರಿಸರ ಚರ್ಚೆಯ ವಿಷಯವಾಗಿದೆ.

ಇತಿಹಾಸ

ಮಾನಸೋಲ್ಲಾಸದ ಮತ್ಸ್ಯವಿನೋದ

ಗಾಳದ ಬೇಟೆಯನ್ನು ವಿನೋದವೆಂದು ಪರಿಗಣಿಸಿ ಬರೆದ ಅತ್ಯಂತ ಹಳೆಯ ಬರಹಗಳಲ್ಲೊಂದು ಕನ್ನಡ ನಾಡಿನಲ್ಲಿಯೇ ಹುಟ್ಟಿತು. ಕಲ್ಯಾಣದ ಚಾಲುಕ್ಯ ಅರಸ, ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ರಾಜನೀತಿ, ವೈದ್ಯ, ಅಡುಗೆ, ಸಂಗೀತ, ಚಿತ್ರಕಲೆ, ಕ್ರೀಡೆ ಮುಂತಾದ ಹಲವು ವಿಷಯಗಳನ್ನು ಒಳಗೊಂಡ ವಿಶ್ವಕೋಶದಂತಹ ಗ್ರಂಥ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಾಗಗೊಂಡ ಈ ಕೃತಿಯಲ್ಲಿ, ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವಿದೆ.

ಈ ಅಧ್ಯಾಯದಲ್ಲಿ ಸುಮಾರು 35 ಬಗೆಯ ಮೀನುಗಳ ಪ್ರಸ್ತಾಪವಿದೆ. ಸಮುದ್ರದ ಮೀನು ಮತ್ತು ನದಿಯ ಮೀನು, ಹುರುಪೆಯುಳ್ಳ ಮೀನು ಮತ್ತು ಹುರುಪೆಯಿಲ್ಲದ ಮೀನು ಎಂಬಂತಹ ವಿಂಗಡಣೆಯನ್ನು ಗ್ರಂಥಕಾರನು ಮಾಡಿದ್ದಾನೆ. ಮೀನುಗಳ ವಾಸಸ್ಥಾನ, ಅವುಗಳಿಗೆ ಇಷ್ಟವಾದ ಆಹಾರ, ಗಾಳದ ಸಲಕರಣೆ ಮತ್ತು ಮೀನು ಹಿಡಿಯುವ ಕ್ರಮಗಳೂ ಇಲ್ಲಿ ಬಂದಿವೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1950ರ ದಶಕದ ಆರಂಭದಲ್ಲಿ ಈ ಅಧ್ಯಾಯವನ್ನು ಕುರಿತು ವಿದ್ವತ್ಪೂರ್ಣ ಲೇಖನ ಪ್ರಕಟಿಸಿ, ಆಧುನಿಕ ವಿಜ್ಞಾನಿಗಳ ಗಮನಕ್ಕೆ ಅದನ್ನು ತಂದರು. ಇಂಗ್ಲಿಷ್ ಭಾಷೆಯಲ್ಲಿ ಗಾಳದ ಕುರಿತು ಮೊದಲ ಮುದ್ರಿತ ಪ್ರಬಂಧ ಹೊರಬಂದದ್ದು 1496ರಲ್ಲಿ. ಮಾನಸೋಲ್ಲಾಸವು ಅದಕ್ಕಿಂತ ಮೂರೂವರೆ ಶತಮಾನಗಳಷ್ಟು ಹಿಂದಿನದು.

ಬ್ರಿಟಿಷರ ಕಾಲ

19ನೆಯ ಶತಮಾನದಲ್ಲಿ ಯುರೋಪಿನ ಕ್ರೀಡಾ ಮೀನುಗಾರಿಕೆಯ ಪದ್ಧತಿ ಭಾರತಕ್ಕೆ ಬಂದಾಗ ಅದರ ಒಂದು ಮುಖ್ಯ ನೆಲೆ ಮಂಗಳೂರಾಗಿತ್ತು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರು ಇಲ್ಲಿನ ಹೊಳೆಗಳ ಮೀನುಗಳನ್ನು ಅಭ್ಯಾಸ ಮಾಡಿ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವು 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಭಾರತದ ಮಹಶೀರ್ ಯುರೋಪಿನ ಸಾಲ್ಮನ್ ಮೀನಿಗಿಂತ ಬಲಶಾಲಿ ಎಂಬ ಅವರ ಅಭಿಪ್ರಾಯ ಗಾಳಗಾರರಲ್ಲಿ ಬಹಳ ಪ್ರಸಿದ್ಧವಾಯಿತು. ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಅವರು 1887ರಲ್ಲಿ ಇನ್ನೊಂದು ಪುಸ್ತಕವನ್ನು ಬರೆದರು. ಥಾಮಸ್ ಅವರು ಬೇಟೆಯ ಆಸಕ್ತಿಗೆ ಸೀಮಿತರಾಗಿರಲಿಲ್ಲ. ಮರಿಮೀನುಗಳನ್ನು ಹಿಡಿಯುವುದು, ಹೊಳೆಗೆ ವಿಷ ಬೆರೆಸುವುದು ಮುಂತಾದ ಪದ್ಧತಿಗಳಿಂದ ಮೀನಿನ ಸಂತತಿ ಕ್ಷೀಣಿಸುತ್ತದೆಂದು ಸರ್ಕಾರದ ಗಮನ ಸೆಳೆದವರಲ್ಲಿ ಅವರೂ ಒಬ್ಬರು.

ಇದೇ ಕಾಲದಲ್ಲಿ ಮದರಾಸು ಪ್ರಾಂತದ ವೈದ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಡೇ ಅವರು 'ದಿ ಫಿಶಸ್ ಆಫ್ ಇಂಡಿಯಾ' ಎಂಬ ಸಚಿತ್ರ ಗ್ರಂಥವನ್ನು 1875ರಿಂದ 1878ರ ಅವಧಿಯಲ್ಲಿ ಹೊರತಂದರು. ಕರಾವಳಿಯ ಹಲವು ಮೀನುಗಳ ಶಾಸ್ತ್ರೀಯ ವಿವರಣೆಗೆ ಇದು ಬಹುಕಾಲ ಆಧಾರವಾಗಿತ್ತು.

ಮೈಸೂರಿನಲ್ಲಿ ಪ್ರಾಣಿಚರ್ಮ ಸಂಸ್ಕರಣೆಗೆ ಹೆಸರಾಗಿದ್ದ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಗಾಳಕ್ಕೆ ಸಿಕ್ಕ ಅತಿ ದೊಡ್ಡ ಮಹಶೀರ್ ಎಂದು ಈ ಮೀನನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ.

ಸ್ವಾತಂತ್ರ್ಯಾನಂತರ

ಸ್ವಾತಂತ್ರ್ಯದ ನಂತರ ಕೆಲವು ದಶಕಗಳ ಕಾಲ ಈ ಕ್ರೀಡೆ ಮಂಕಾಗಿತ್ತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಗಾಳಗಾರರ ತಂಡವು ಕಾವೇರಿಗೆ ಬಂದು ಭಾರೀ ಗಾತ್ರದ ಮಹಶೀರ್‌ಗಳನ್ನು ಹಿಡಿದ ಸುದ್ದಿ ಹರಡಿದ ಮೇಲೆ ವಿದೇಶೀಯರು ಮತ್ತೆ ಇತ್ತ ಬರತೊಡಗಿದರು. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಕಾಯಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ಭೀಮೇಶ್ವರಿ, ಗಾಳಿಬೋರೆ ಮತ್ತು ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ನಡೆಸಿತು. ಕೊಡಗಿನಲ್ಲಿ ಕೂರ್ಗ್ ವನ್ಯಜೀವಿ ಸಂಘವು ವಾಲ್ನೂರು ಭಾಗದ ನದಿಯಲ್ಲಿ ಇದೇ ಬಗೆಯ ವ್ಯವಸ್ಥೆಯನ್ನು ಮಾಡಿತು.

ಉಪಕರಣಗಳು ಮತ್ತು ವಿಧಾನಗಳು

ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಸಾಂಪ್ರದಾಯಿಕ ಗಾಳದಲ್ಲಿ ಬಿದಿರಿನ ಕೋಲು, ದಾರ, ಮೀನು ಕಚ್ಚಿದ ಸೂಚನೆ ನೀಡುವ ಬೆಂಡು, ದಾರವನ್ನು ಮುಳುಗಿಸುವ ಸೀಸದ ಗುಂಡು ಮತ್ತು ಕಬ್ಬಿಣದ ಕೊಕ್ಕೆ ಇರುತ್ತವೆ. ಕೋಲಿಲ್ಲದೆ ದಾರವನ್ನು ಕೈಯಲ್ಲೇ ಹಿಡಿದು ಬೀಸುವ ಪದ್ಧತಿ ಕರಾವಳಿಯಲ್ಲಿ ವ್ಯಾಪಕವಾಗಿದೆ. ಹವ್ಯಾಸಿಗಳು ನಾರುಗಾಜು ಅಥವಾ ಕಾರ್ಬನ್‌ನಿಂದ ಮಾಡಿದ ರಾಡ್, ದಾರ ಸುತ್ತುವ ರೀಲ್ ಮತ್ತು ನೈಲಾನ್ ಅಥವಾ ಹೆಣೆದ ದಾರವನ್ನು ಬಳಸುತ್ತಾರೆ.

ಎರೆಯಲ್ಲಿ ಎರಡು ಬಗೆ. ಎರೆಹುಳು, ಸಿಗಡಿ, ಬೂತಾಯಿಯ ತುಂಡು, ಜೀವಂತ ಚಿಕ್ಕ ಮೀನು, ಹಿಟ್ಟಿನ ಉಂಡೆ ಇವು ನೈಸರ್ಗಿಕ ಎರೆಗಳು. ಕಾವೇರಿಯ ಮಹಶೀರ್ ಬೇಟೆಯಲ್ಲಿ ರಾಗಿ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ನಾದಿದ ಉಂಡೆಯೇ ಮುಖ್ಯ ಎರೆಯಾಗಿತ್ತು. ಮರ, ಲೋಹ ಅಥವಾ ಪ್ಲಾಸ್ಟಿಕ್‌ನಿಂದ ಮಾಡಿದ, ನೀರಿನಲ್ಲಿ ಎಳೆದಾಗ ಚಿಕ್ಕ ಮೀನಿನಂತೆ ಚಲಿಸುವ ಕೃತಕ ಎರೆಗೆ ಲೂರ್ ಎನ್ನುತ್ತಾರೆ. ಬೇಟೆಯಾಡಿ ತಿನ್ನುವ ಸಮುದ್ರ ಮೀನುಗಳಿಗೆ ಇದನ್ನು ಹೆಚ್ಚಾಗಿ ಬಳಸುತ್ತಾರೆ.

ಉಪ್ಪುನೀರಿನಲ್ಲಿ ಅನುಸರಿಸುವ ಮುಖ್ಯ ವಿಧಾನಗಳು ನಾಲ್ಕು: ಮರಳ ದಂಡೆಯಿಂದ ಅಲೆಗಳಾಚೆಗೆ ಗಾಳ ಎಸೆಯುವುದು, ಬಂಡೆ ಅಥವಾ ಅಲೆತಡೆಗೋಡೆಯ ಮೇಲೆ ನಿಂತು ಹಿಡಿಯುವುದು, ಚಲಿಸುವ ದೋಣಿಯ ಹಿಂದೆ ಲೂರ್ ಎಳೆದುಕೊಂಡು ಹೋಗುವುದು, ನಿಂತ ದೋಣಿಯಿಂದ ಭಾರವಾದ ಲೋಹದ ಲೂರ್ ಅನ್ನು ತಳಕ್ಕೆ ಇಳಿಸಿ ಮೇಲೆ ಕೆಳಗೆ ಜಗ್ಗುವುದು.

ಕರಾವಳಿ ಮತ್ತು ದ್ವೀಪಗಳು

ಕರ್ನಾಟಕದ ಕರಾವಳಿಯು ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿದೆ. ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ಇಲ್ಲಿ ಮೀನುಗಾರಿಕೆಯನ್ನು ನಂಬಿಕೊಂಡಿವೆ. ಬಲೆಯಷ್ಟೇ ಗಾಳವೂ ಇವರ ಕಸುಬಿನ ಸಾಧನ. ಬಂಡೆಗಳ ನಡುವೆ ಬಲೆ ಹರಿಯುವ ಭಯವಿರುವಲ್ಲಿ ದೊಡ್ಡ ಮೀನುಗಳನ್ನು ಗಾಳದಿಂದಲೇ ಹಿಡಿಯುತ್ತಾರೆ. ಆದ್ದರಿಂದ ಕರಾವಳಿಯಲ್ಲಿ ಕಸುಬಿನ ಗಾಳ ಮತ್ತು ಹವ್ಯಾಸದ ಗಾಳಗಳ ನಡುವಿನ ಗೆರೆ ತೆಳುವಾದುದು. ಹವ್ಯಾಸಿಗಳಿಗೆ ಜಾಗ, ಹೊತ್ತು ಮತ್ತು ನೀರಿನ ಗುಣವನ್ನು ತಿಳಿಸಿಕೊಡುವವರು ಸಾಮಾನ್ಯವಾಗಿ ಈ ಸಮುದಾಯದವರೇ.

ಅಳಿವೆಗಳು

ಪಶ್ಚಿಮ ಘಟ್ಟದಿಂದ ಇಳಿಯುವ ನದಿಗಳು ಕಡಲನ್ನು ಸೇರುವ ಅಳಿವೆಗಳು ಗಾಳಗಾರರಿಗೆ ಅತ್ಯಂತ ಪ್ರಿಯವಾದ ಸ್ಥಳಗಳು. ಕಾರವಾರದ ಬಳಿ ಕಾಳಿ, ಕುಮಟಾ ತಾಲೂಕಿನಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಕೋಡಿ ಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಗಳು ಮುಖ್ಯವಾದವು. ಭರತ ಮತ್ತು ಇಳಿತಗಳಿಗೆ ತಕ್ಕಂತೆ ಇಲ್ಲಿ ಸಿಹಿನೀರು ಮತ್ತು ಉಪ್ಪುನೀರು ಬೆರೆಯುತ್ತವೆ. ಚಿಕ್ಕ ಮೀನುಗಳು ನೀರಿನ ಸೆಳೆತಕ್ಕೆ ಸಿಕ್ಕಿ ಒಂದೆಡೆ ಸೇರುವ ಹೊತ್ತಿಗೆ ದೊಡ್ಡ ಮೀನುಗಳು ಬೇಟೆಗೆ ಬರುತ್ತವೆ. ಆದ್ದರಿಂದ ನೀರು ತಿರುಗುವ ಹೊತ್ತನ್ನು ಗಾಳಕ್ಕೆ ಒಳ್ಳೆಯ ಸಮಯವೆಂದು ಎಣಿಸಲಾಗುತ್ತದೆ.

ಅಳಿವೆಯ ಕಾಂಡ್ಲಾ ಕಾಡುಗಳು ಅನೇಕ ಸಮುದ್ರ ಮೀನುಗಳ ಮರಿಗಳಿಗೆ ಆಶ್ರಯ ತಾಣಗಳು. ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಘೋಷಿಸಲಾಯಿತು.

ನೇತ್ರಾಣಿ ಮತ್ತು ಇತರ ದ್ವೀಪಗಳು

ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪವು ಕರ್ನಾಟಕದ ಕಡಲಿನಲ್ಲಿ ಹವಳಗಳಿಗೆ ಹೆಸರಾದ ತಾಣ. ಕಾಡುಪಾರಿವಾಳಗಳಿಂದಾಗಿ ಇದಕ್ಕೆ ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಕಡಿದಾದ ಬಂಡೆಗಳಿಂದ ಕೂಡಿದ ಈ ಜನವಸತಿಯಿಲ್ಲದ ದ್ವೀಪದ ಸುತ್ತಲಿನ ನೀರು ದಡದ ನೀರಿಗಿಂತ ತಿಳಿಯಾಗಿದ್ದು, ಮಳೆಗಾಲದ ಹೊರತಾದ ತಿಂಗಳುಗಳಲ್ಲಿ ಇಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಬಂಡೆ ಮತ್ತು ಹವಳಗಳ ಸಂದುಗಳಲ್ಲಿ ಮುರು, ಗಿಳಿಮೀನು, ಚಿಟ್ಟೆಮೀನು, ಟ್ರಿಗರ್ ಮೀನು, ಮೊರೆ ಹಾವುಮೀನುಗಳು ವಾಸಿಸುತ್ತವೆ. ಸುತ್ತಲಿನ ತೆರೆದ ನೀರಿನಲ್ಲಿ ಬರಾಕುಡ, ಟ್ರೆವಲಿ, ಕೋಬಿಯಾ ಮೊದಲಾದ ಬೇಟೆಗಾರ ಮೀನುಗಳು ತಿರುಗುತ್ತವೆ. ಮೀನುಗಾರರು ದ್ವೀಪದ ದೈವಕ್ಕೆ ಹರಕೆ ಸಲ್ಲಿಸುವ ರೂಢಿಯಿದೆ.

ನೌಕಾಪಡೆಯು ಈ ದ್ವೀಪವನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿದ್ದುದಕ್ಕೆ ಪರಿಸರಾಸಕ್ತರು ಮತ್ತು ಮೀನುಗಾರರು ಆಕ್ಷೇಪ ವ್ಯಕ್ತಪಡಿಸಿದ್ದರು. ಹವಳದ ಬಂಡೆ ಬಹಳ ನಿಧಾನವಾಗಿ ಬೆಳೆಯುವುದರಿಂದ ಲಂಗರಿನ ಹೊಡೆತ, ಕಡಿದುಹೋದ ನೈಲಾನ್ ದಾರ ಮತ್ತು ಬಿಟ್ಟುಹೋದ ಬಲೆಗಳಿಂದಲೂ ಅದಕ್ಕೆ ಹಾನಿಯಾಗುತ್ತದೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳು ಕಂಬದಾಕಾರದ ಶಿಲೆಗಳಿಗೆ ಪ್ರಸಿದ್ಧವಾಗಿದ್ದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿವೆ. ಕಾರವಾರದ ಬಳಿಯ ದೇವಗಡ ಮತ್ತು ಕೂರ್ಮಗಡ, ಹೊನ್ನಾವರದ ಬಳಿಯ ಬಸವರಾಜದುರ್ಗ ಇತರ ದ್ವೀಪಗಳು. ಇವುಗಳ ಸುತ್ತಲಿನ ಬಂಡೆಸಾಲುಗಳಲ್ಲೂ ಮುರು ಮತ್ತು ಕೆಂಬೇರಿಯಂತಹ ಮೀನುಗಳು ನೆಲೆಸುತ್ತವೆ.

ಉಪ್ಪುನೀರಿನ ಪ್ರಮುಖ ಮೀನುಗಳು

ಅಂಜಲ್: ಕೊಂಕಣಿಯಲ್ಲಿ ಇಸ್ವಾಣ, ಮಾರುಕಟ್ಟೆಯಲ್ಲಿ ಸುರ್ಮಯಿ ಎಂದು ಪರಿಚಿತ. ಉದ್ದವಾದ ಬೆಳ್ಳಿಬಣ್ಣದ ದೇಹ ಮತ್ತು ಹರಿತವಾದ ಹಲ್ಲುಗಳುಳ್ಳ ವೇಗದ ಈಜುಗಾರ. ಸಾಮಾನ್ಯವಾಗಿ ಒಂದು ಮೀಟರ್ ಉದ್ದದ ಆಸುಪಾಸಿನಲ್ಲಿ ಸಿಗುತ್ತದೆ. ಎರಡು ಮೀಟರಿಗೂ ಮೀರಿ ಬೆಳೆಯಬಲ್ಲದು. ನೈಲಾನ್ ದಾರವನ್ನು ಹಲ್ಲಿನಿಂದ ಕತ್ತರಿಸುವುದರಿಂದ ಕೊಕ್ಕೆಯ ಹಿಂದೆ ಲೋಹದ ತಂತಿ ಕಟ್ಟುತ್ತಾರೆ.

ಕುರುಡಿ: ಸೀಬಾಸ್ ಎಂದೂ, ಕೇರಳದಲ್ಲಿ ಕಾಳಾಂಜಿ ಎಂದೂ ಕರೆಯಲ್ಪಡುವ ಅಳಿವೆಯ ಮೀನು. ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಉಪ್ಪುನೀರಿಗೆ ಇಳಿಯುತ್ತದೆ. ಇದು ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ದೊಡ್ಡದಾದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. ಹೀಗಾಗಿ ಅತಿ ದೊಡ್ಡ ಕುರುಡಿಗಳನ್ನಷ್ಟೇ ಹಿಡಿದರೆ ಮೊಟ್ಟೆಯಿಡುವ ಹೆಣ್ಣುಗಳೇ ಇಲ್ಲವಾಗುತ್ತವೆ. ಪಂಜರ ಕೃಷಿಯಲ್ಲೂ ಇದನ್ನು ಸಾಕುತ್ತಾರೆ.

ಮುರು: ಬಂಡೆಗಳ ನಡುವೆ ವಾಸಿಸುವ ಗುಂಪು, ಕೊಂಕಣಿಯಲ್ಲಿ ಗೋಬ್ರೊ. ಇವುಗಳ ಕ್ರಮ ಕುರುಡಿಗೆ ವಿರುದ್ಧ. ಹಲವು ಪ್ರಭೇದಗಳು ಮೊದಲು ಹೆಣ್ಣಾಗಿದ್ದು ನಂತರ ಗಂಡಾಗುತ್ತವೆ. ಈ ಗುಂಪಿನ ದೈತ್ಯ ಮುರು ಎರಡೂವರೆ ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಅದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಕೆಂಬೇರಿ: ಕೆಂಪು ಛಾಯೆಯ ಬಲಿಷ್ಠ ಮೀನು. ಮರಿಗಳು ಕಾಂಡ್ಲಾ ಕಾಡಿನ ನೀರಿನಲ್ಲಿ ಬೆಳೆದು, ದೊಡ್ಡವಾದ ಮೇಲೆ ಹೊರಗಿನ ಬಂಡೆಗಳಿಗೆ ವಲಸೆ ಹೋಗುತ್ತವೆ. ಕಚ್ಚಿದ ತಕ್ಷಣ ಬೇರು ಅಥವಾ ಬಂಡೆಯ ಸಂದಿಗೆ ನುಗ್ಗುವುದು ಇದರ ಸ್ವಭಾವ.

ದೈತ್ಯ ಟ್ರೆವಲಿ: ಟ್ರೆವಲಿಗಳಲ್ಲಿ ಅತಿ ದೊಡ್ಡದು. ನೀರಿನ ಮೇಲ್ಮೈಯಲ್ಲಿ ಚಿಮ್ಮುವ ಲೂರ್‌ಗೆ ಎರಗುತ್ತದೆ. ಕ್ರೀಡಾ ಮೀನುಗಾರರು ಜಗತ್ತಿನ ಉಷ್ಣ ಸಮುದ್ರಗಳಲ್ಲೆಲ್ಲ ಇದನ್ನು ಅರಸುತ್ತಾರೆ.

ಬರಾಕುಡ: ಈಟಿಯಂತಹ ದೇಹ ಮತ್ತು ಮುಂದೆ ಚಾಚಿದ ಕೆಳದವಡೆಯ ಮೀನು. ಚಿಕ್ಕವು ಗುಂಪಾಗಿಯೂ ದೊಡ್ಡವು ಒಂಟಿಯಾಗಿಯೂ ಇರುತ್ತವೆ.

ಕೋಬಿಯಾ: ಕಂದು ಬಣ್ಣದ ದೊಡ್ಡ ಮೀನು. ತೇಲುವ ಮರದ ದಿಮ್ಮಿ, ಬೋಯಿ ಮತ್ತು ದೊಡ್ಡ ತೊರಕೆಗಳ ಜೊತೆಯಲ್ಲಿ ತಿರುಗುವುದು ಇದರ ವಿಶೇಷ.

ಕೇದರ: ಟ್ಯೂನ ಗುಂಪಿನ ಮೀನುಗಳಿಗೆ ಕರಾವಳಿಯಲ್ಲಿರುವ ಹೆಸರು. ಹೊರಕಡಲಿನಲ್ಲಿ ಗುಂಪಾಗಿ ಸಂಚರಿಸುತ್ತವೆ.

ಕಾಣೆ: ಮರಳು ತಳದ ಚಿಕ್ಕ ಮೀನು, ಸಾಮಾನ್ಯವಾಗಿ ಒಂದು ಅಡಿಯನ್ನು ಮೀರುವುದಿಲ್ಲ. ರುಚಿಗೆ ಹೆಸರಾದುದು. ದಂಡೆಯಿಂದ ಹಗುರ ಗಾಳ ಹಾಕುವ ಹೊಸಬರಿಗೆ ಇದೇ ಮೊದಲ ಮೀನು.

ತೊರಕೆ ಮತ್ತು ತೇಡೆ: ಗಾಳಗಾರರು ಎಚ್ಚರದಿಂದ ಬಿಡಿಸಬೇಕಾದ ಮೀನುಗಳು. ತೊರಕೆಯ ಬಾಲದ ಮುಳ್ಳು ಮತ್ತು ತೇಡೆಯ ರೆಕ್ಕೆಯ ಮುಳ್ಳುಗಳು ವಿಷಕಾರಿ ಗಾಯ ಮಾಡುತ್ತವೆ. ಉಬ್ಬಿಕೊಳ್ಳುವ ಪಫರ್ ಮೀನು ಗಾಳಕ್ಕೆ ಸಿಕ್ಕರೂ ಅದರ ದೇಹದಲ್ಲಿ ಪ್ರಾಣಾಂತಿಕ ವಿಷವಿರುವುದರಿಂದ ಅದನ್ನು ತಿನ್ನಬಾರದು.

ನದಿಗಳು ಮತ್ತು ಮಹಶೀರ್

ಮಹಶೀರ್ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ನದಿಗಳಲ್ಲಿ ವಾಸಿಸುವ, ಗೆಂಡೆ ಮೀನಿನ ಕುಟುಂಬಕ್ಕೆ ಸೇರಿದ ದೊಡ್ಡ ಹುರುಪೆಯ ಮೀನು. ಕಾವೇರಿ ತೀರದಲ್ಲಿ ಬಿಳಿಮೀನು, ತುಳುವಿನಲ್ಲಿ ಪೆರುವೊಲ್ ಎಂಬ ಹೆಸರುಗಳಿವೆ. ಕಲ್ಲುತಳದ, ಆಮ್ಲಜನಕ ಹೇರಳವಾಗಿರುವ ಹರಿವ ನೀರು ಇದಕ್ಕೆ ಬೇಕು. ಹಣ್ಣು, ಬೀಜ, ಏಡಿ, ಚಿಕ್ಕ ಮೀನು ಎಲ್ಲವನ್ನೂ ತಿನ್ನುತ್ತದೆ. ಮಳೆಗಾಲದ ಪ್ರವಾಹದಲ್ಲಿ ಮೇಲ್ಮುಖವಾಗಿ ಈಜಿ ಮೊಟ್ಟೆಯಿಡುತ್ತದೆ.

ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ಪ್ರಭೇದಗಳ ಚರ್ಚೆ ಬರುತ್ತದೆ. ಮೊದಲನೆಯದು ನೀಲಿ ರೆಕ್ಕೆಯ ಮಹಶೀರ್. ಇದನ್ನು 1839ರಲ್ಲಿ ಸೈಕ್ಸ್ ಅವರು ಪುಣೆಯ ಬಳಿಯ ನದಿಯ ಮೀನಿನ ಆಧಾರದ ಮೇಲೆ ವರ್ಣಿಸಿದರು. ಇದು ಕೃಷ್ಣಾ ಜಲಾನಯನ ಪ್ರದೇಶದ ಮೀನು. ಎರಡನೆಯದು ಕಾವೇರಿ ಜಲಾನಯನದಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್. ಕಿತ್ತಳೆ ಛಾಯೆಯ ರೆಕ್ಕೆ ಮತ್ತು ತಲೆಯ ಹಿಂದಿನ ಉಬ್ಬು ಇದರ ಗುರುತು. 50 ಕಿಲೋಗ್ರಾಂ ಮೀರಿ ಬೆಳೆಯುತ್ತಿದ್ದ, ಪರದೇಶದ ಗಾಳಗಾರರನ್ನು ಕಾವೇರಿಗೆ ಸೆಳೆದ ಮೀನು ಇದೇ.

ಕಾವೇರಿಯ ಶಿಬಿರಗಳು

ಗಾಳಿಬೋರೆ, ಭೀಮೇಶ್ವರಿ ಮತ್ತು ದೊಡ್ಡಮಾಕಳಿ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ದಾಖಲಿಸಿ, ಮತ್ತೆ ನೀರಿಗೆ ಬಿಡುವ ನಿಯಮವಿತ್ತು. ಗಾಳಗಾರರು ಹರಿಗೋಲಿನಲ್ಲಿ ಕುಳಿತು ಸುಳಿಗಳ ಬಳಿಗೆ ಹೋಗುತ್ತಿದ್ದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ, ಸಿಡಿಮದ್ದು ಎಸೆಯುತ್ತಿದ್ದ ಕೆಲವರು ಇಲ್ಲಿ ಮಾರ್ಗದರ್ಶಕರಾಗಿ ಮತ್ತು ಕಾವಲುಗಾರರಾಗಿ ಉದ್ಯೋಗ ಪಡೆದರು. ಹೊಳೆಯ ಒಂದೊಂದು ಮಡುವಿನ ಪರಿಚಯವಿದ್ದ ಇವರ ತಿಳಿವಳಿಕೆಯೇ ಶಿಬಿರಗಳ ಆಧಾರವಾಗಿತ್ತು.

ಶಿಬಿರದ ದಾಖಲೆ ಪುಸ್ತಕಗಳು ಮುಂದೆ ವಿಜ್ಞಾನಕ್ಕೆ ಅಮೂಲ್ಯ ಸಾಮಗ್ರಿಯಾದವು. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಈ ಅವಧಿಯಲ್ಲಿ 23,000 ಗಂಟೆಗಳಿಗೂ ಹೆಚ್ಚು ಕಾಲ ಗಾಳ ಹಾಕಿ, 6,000ಕ್ಕೂ ಹೆಚ್ಚು ಮಹಶೀರ್‌ಗಳನ್ನು ಹಿಡಿದು ಬಿಡಲಾಗಿತ್ತು. ಅವುಗಳಲ್ಲಿ ಅತಿ ದೊಡ್ಡದು 104 ಪೌಂಡು, ಎಂದರೆ ಸುಮಾರು 47 ಕಿಲೋಗ್ರಾಂ ತೂಗಿತ್ತು. ಒಟ್ಟು ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿದಂತೆ ಕಂಡರೂ, ಆ ಏರಿಕೆ ಪೂರ್ತಿಯಾಗಿ ನೀಲಿ ರೆಕ್ಕೆಯ ಮಹಶೀರಿನದಾಗಿತ್ತು. ಗೂನುಬೆನ್ನಿನ ಮಹಶೀರ್‌ಗಳು ವಿರಳವಾಗುತ್ತ ಬಂದಿದ್ದವು, ಸಿಕ್ಕವು ಬಹುಮಟ್ಟಿಗೆ ದೊಡ್ಡ, ವಯಸ್ಸಾದ ಮೀನುಗಳಾಗಿದ್ದವು. ಮರಿಗಳು ಕಾಣದಿರುವುದು ಸಂತತಿ ಮುಂದುವರಿಯುತ್ತಿಲ್ಲ ಎಂಬುದರ ಲಕ್ಷಣ.

ಸಂತತಿಯ ಕುಸಿತ

ನೀಲಿ ರೆಕ್ಕೆಯ ಮಹಶೀರ್ ಕಾವೇರಿಯ ಮೂಲ ನಿವಾಸಿಯಲ್ಲ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು, ಅಳಿಯುತ್ತಿರುವ ಮಹಶೀರನ್ನು ಹೆಚ್ಚಿಸುವ ಸದುದ್ದೇಶದಿಂದ, ಕಾವೇರಿಯೂ ಸೇರಿದಂತೆ ಹಲವು ನದಿಗಳಿಗೆ ಬಿಡಲಾಯಿತು. ಮಹಶೀರ್‌ಗಳೆಲ್ಲ ಒಂದೇ ಎಂಬ ಭಾವನೆ ಆಗ ಪ್ರಚಲಿತವಾಗಿತ್ತು. ಬೇರೊಂದು ನದಿಯ ಬಂಧು ಬಂದು ಮೂಲ ನಿವಾಸಿಯ ಆಹಾರ ಮತ್ತು ಜಾಗವನ್ನು ಆಕ್ರಮಿಸಿಕೊಂಡಿತು ಎಂಬುದು ಸಂಶೋಧಕರ ಆತಂಕ. ಅಣೆಕಟ್ಟುಗಳು ಮೊಟ್ಟೆಯಿಡುವ ವಲಸೆಗೆ ತಡೆಯೊಡ್ಡಿದ್ದು, ಮರಳುಗಾರಿಕೆ, ಮಾಲಿನ್ಯ ಮತ್ತು ಸಿಡಿಮದ್ದಿನ ಬೇಟೆಗಳು ಇತರ ಕಾರಣಗಳು.

ಗೂನುಬೆನ್ನಿನ ಮಹಶೀರಿಗೆ ಒಂದೂವರೆ ಶತಮಾನದ ಪ್ರಸಿದ್ಧಿಯಿದ್ದರೂ ನಿಶ್ಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. ಹೆಸರಿಲ್ಲದ ಮೀನನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವಂತೆಯೂ ಇರಲಿಲ್ಲ. 2018ರಲ್ಲಿ ಪ್ರಕಟವಾದ ಸಂಶೋಧನೆಯು ದೇಹರಚನೆ ಮತ್ತು ವಂಶವಾಹಿಗಳ ಹೋಲಿಕೆಯಿಂದ, ಕೇರಳದಲ್ಲಿ ಕಾವೇರಿಯ ಉಪನದಿ ವ್ಯವಸ್ಥೆಗೆ ಸೇರಿದ ಪಾಂಬಾರ್ ಹೊಳೆಯಿಂದ ಅದಕ್ಕೂ ಮೊದಲು ವರ್ಣಿತವಾಗಿದ್ದ 'ಟೋರ್ ರೆಮಾದೇವಿಯೈ' ಎಂಬ ಪ್ರಭೇದವೇ ಈ ಮೀನು ಎಂದು ಸ್ಥಾಪಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು 'ತೀವ್ರ ಅಪಾಯದಲ್ಲಿರುವ' ಪ್ರಭೇದವೆಂದು ಪಟ್ಟಿ ಮಾಡಿತು. ಸಂಗಮದ ಬಳಿ ಉದ್ದೇಶಿಸಲಾದ ಮೇಕೆದಾಟು ಅಣೆಕಟ್ಟು ನಿರ್ಮಾಣವಾದರೆ ಹರಿಯುವ ಕಾವೇರಿಯ ಮುಖ್ಯ ಭಾಗವೊಂದು ಜಲಾಶಯದಲ್ಲಿ ಮುಳುಗುತ್ತದೆ.

ಕೆರೆಗಳು ಮತ್ತು ತುಂಗಭದ್ರಾ ಪ್ರದೇಶ

ಕೂಡ್ಲಿಯಲ್ಲಿ ತುಂಗಾ ಮತ್ತು ಭದ್ರಾ ಸೇರಿ ಹುಟ್ಟುವ ತುಂಗಭದ್ರೆಯು ಹೊನ್ನಾಳಿ, ಹರಿಹರಗಳ ಮಾರ್ಗವಾಗಿ ಹರಿಯುತ್ತದೆ. ಈ ಪ್ರದೇಶದಲ್ಲಿ ಮತ್ತು ಚನ್ನಗಿರಿ ತಾಲೂಕಿನ ವಿಶಾಲವಾದ ಸೂಳೆಕೆರೆ, ಎಂದರೆ ಶಾಂತಿಸಾಗರದಂತಹ ಕೆರೆಗಳಲ್ಲಿ ಗಾಳ ಹಾಕುವುದು ಹಳ್ಳಿಗರ ಬಿಡುವಿನ ವಿನೋದವೂ ಹೌದು, ಮನೆಯಡುಗೆಯ ದಾರಿಯೂ ಹೌದು. ಕಾಟ್ಲಾ, ರೋಹು, ಮೃಗಾಲ್‌ಗಳು ಇಂತಹ ಕೆರೆಗಳಿಗೆ ಬಿತ್ತನೆ ಮಾಡುವ ಮೀನುಗಳು. ಕೊರವ ಮತ್ತು ಬಾಳೆಮೀನುಗಳು ಸ್ಥಳೀಯ ಬೇಟೆಗಾರ ಮೀನುಗಳು. ಕೊರವವು ಗಾಳಿಯನ್ನೂ ಉಸಿರಾಡಬಲ್ಲದು. ಗಂಡು ಹೆಣ್ಣುಗಳೆರಡೂ ಮರಿಗಳ ಕಾವಲು ಕಾಯುತ್ತವೆ. ಕೆಂಬಣ್ಣದ ಮರಿಗಳ ಗುಂಪಿನ ಬಳಿ ಗಾಳ ಹಾಕಿ ತಾಯಿತಂದೆಗಳನ್ನು ಹಿಡಿದರೆ ಇಡೀ ಗುಂಪು ನಾಶವಾಗುತ್ತದೆ. ಹೊರಗಿನಿಂದ ಬಂದ ಜಿಲೇಬಿ ಮೀನು ಮತ್ತು ಆಫ್ರಿಕಾದ ಕ್ಯಾಟ್‌ಫಿಶ್‌ಗಳು ಹಲವೆಡೆ ಸ್ಥಳೀಯ ಪ್ರಭೇದಗಳನ್ನು ಹಿಂದಿಕ್ಕಿವೆ.

ಕಾನೂನು

ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯೇ ಅಪರಾಧವೆಂದು ಸಾರಿದೆ. ಸಮುದ್ರಕ್ಕೆ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಮೀನುಗಳು ಮೊಟ್ಟೆಯಿಡುವ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ಇದರಿಂದ ವಿನಾಯಿತಿಯಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲಕುದುರೆ, ದೈತ್ಯ ಮುರು ಮುಂತಾದವುಗಳನ್ನು ಹಿಡಿಯುವಂತಿಲ್ಲ. ಆಕಸ್ಮಿಕವಾಗಿ ಗಾಳಕ್ಕೆ ಸಿಕ್ಕರೆ ದಾರ ಕತ್ತರಿಸಿ ಬಿಡಬೇಕಾಗುತ್ತದೆ. ಈ ಕಾಯ್ದೆಯ 'ಬೇಟೆ' ಎಂಬ ಪದದ ವ್ಯಾಖ್ಯೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಸೇರಿದೆ. ಕಾವೇರಿಯ ಶಿಬಿರಗಳಿದ್ದ ಪ್ರದೇಶವು 1987ರಲ್ಲಿ ವನ್ಯಜೀವಿ ಧಾಮವಾಗಿ ಘೋಷಿತವಾಗಿತ್ತು. ಹಿಡಿದು ಬಿಡುವುದಾದರೂ ಅದು ಧಾಮದೊಳಗಿನ ಬೇಟೆಯೇ ಎಂಬ ನಿಲುವಿನ ಮೇಲೆ 2012ರ ವೇಳೆಗೆ ಅಲ್ಲಿನ ಗಾಳದ ಕ್ರೀಡೆ ಕೊನೆಗೊಂಡಿತು. ಶಿಬಿರಗಳು ಪ್ರಕೃತಿ ಪ್ರವಾಸೋದ್ಯಮದ ತಾಣಗಳಾಗಿ ಮುಂದುವರಿದವು.

ಪರ ಮತ್ತು ವಿರೋಧ

ನಿಷೇಧವನ್ನು ಸಮರ್ಥಿಸುವವರ ವಾದವು ಸರಳವಾದುದು. ವನ್ಯಜೀವಿ ಧಾಮದಲ್ಲಿ ಜಿಂಕೆಯನ್ನು ವಿನೋದಕ್ಕಾಗಿ ಹಿಡಿದು ಬಿಡಲು ಅವಕಾಶವಿಲ್ಲದಿರುವಾಗ ಮೀನಿಗೆ ಬೇರೆ ನ್ಯಾಯ ಸಲ್ಲದು. ಗಾಳಕ್ಕೆ ಸಿಕ್ಕ ಮೀನು ದಣಿವು ಮತ್ತು ಗಾಯದಿಂದ ನರಳುತ್ತದೆ, ಬಿಟ್ಟ ಮೇಲೆ ಸಾಯುವುದೂ ಉಂಟು. ಹಣವುಳ್ಳವರ ಹವ್ಯಾಸಕ್ಕೆ ನದಿಯನ್ನು ಮೀಸಲಿಟ್ಟು ದಡದ ಹಳ್ಳಿಗರನ್ನು ದೂರವಿಡುವುದು ಸರಿಯಲ್ಲ.

ಕ್ರೀಡೆಯ ಪರವಾಗಿರುವವರು ಹೇಳುವುದು ಹೀಗಿದೆ: ಗಾಳಗಾರರಿದ್ದಾಗ ಇಡೀ ವರ್ಷ ನದಿಗೆ ಕಾವಲಿತ್ತು, ಕಾವಲುಗಾರರ ಸಂಬಳಕ್ಕೆ ಹಣವಿತ್ತು, ಮೀನಿನ ದಾಖಲೆ ನಡೆಯುತ್ತಿತ್ತು. ಶಿಬಿರ ನಿಂತ ಮೇಲೆ ಈ ಮೂರೂ ನಿಂತವು, ಸಿಡಿಮದ್ದು ಹಾಕುವವರಿಗೆ ಭಯವಿಲ್ಲದಂತಾಯಿತು. ಗೂನುಬೆನ್ನಿನ ಮಹಶೀರಿನ ಕುಸಿತ ಬೆಳಕಿಗೆ ಬಂದದ್ದೂ ಗಾಳಗಾರರ ದಾಖಲೆಯಿಂದಲೇ ಎಂಬುದನ್ನು ಅವರು ಎತ್ತಿ ತೋರಿಸುತ್ತಾರೆ. ಆದರೆ ಕಾವಲಿದ್ದ ವರ್ಷಗಳಲ್ಲಿಯೂ ಆ ಮೀನು ಕ್ಷೀಣಿಸುತ್ತಲೇ ಇತ್ತು ಎಂಬುದೂ ಅದೇ ದಾಖಲೆಗಳಿಂದ ತಿಳಿಯುತ್ತದೆ. ಕಾವಲು ಅಗತ್ಯವಾದರೂ ಯಾವ ಪ್ರಭೇದವನ್ನು ಯಾವ ನದಿಗೆ ಬಿಡಬೇಕೆಂಬ ವಿವೇಚನೆ ಅದಕ್ಕಿಂತ ಕಡಿಮೆ ಮುಖ್ಯವಲ್ಲ ಎಂಬುದು ಇದರಿಂದ ಹೊರಡುವ ತೀರ್ಮಾನ.

ಹಿಡಿದು ಬಿಡುವ ಕ್ರಮ

ಮೀನನ್ನು ಜೀವಂತವಾಗಿ ಬಿಡಬೇಕೆಂಬ ಗಾಳಗಾರರು ಸಾಮಾನ್ಯವಾಗಿ ಅನುಸರಿಸುವ ನಿಯಮಗಳು ಇವು:

- ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಬಳಸುವುದು.
- ಮೀನು ಬಳಲಿ ಸುಸ್ತಾಗದಂತೆ, ಸಾಕಷ್ಟು ಬಲವಾದ ದಾರದಿಂದ ಬೇಗನೆ ದಡಕ್ಕೆ ತರುವುದು.
- ಒದ್ದೆ ಕೈಯಿಂದ ಮಾತ್ರ ಮುಟ್ಟುವುದು. ಒಣಗಿದ ಕೈ ಮೀನಿನ ಲೋಳೆಯ ಪದರವನ್ನು ಕೀಳುತ್ತದೆ.
- ಕಿವಿರಿನೊಳಗೆ ಬೆರಳು ತೂರಿಸದಿರುವುದು, ದೊಡ್ಡ ಮೀನನ್ನು ನೇತಾಡಿಸಿ ಎತ್ತದಿರುವುದು.
- ಕೊಕ್ಕೆ ಆಳವಾಗಿ ನಾಟಿದ್ದರೆ ಕೀಳಲೆತ್ನಿಸದೆ ದಾರವನ್ನು ಕತ್ತರಿಸುವುದು.
- ಮೀನು ತಾನಾಗಿ ಈಜಿ ಹೋಗುವವರೆಗೆ ಹರಿವಿಗೆ ಎದುರಾಗಿ ನೀರಿನಲ್ಲಿ ಹಿಡಿದಿರುವುದು.
- ತುಂಡಾದ ದಾರವನ್ನು ನೀರಿನಲ್ಲಿಯಾಗಲಿ ದಡದಲ್ಲಿಯಾಗಲಿ ಬಿಟ್ಟು ಬಾರದಿರುವುದು; ಹಕ್ಕಿ ಮತ್ತು ಆಮೆಗಳು ಅದಕ್ಕೆ ಸಿಕ್ಕಿ ಸಾಯುತ್ತವೆ.

ಸಮುದ್ರದ ಬಂಡೆಗಳ ಮೇಲೆ ನಿಂತು ಗಾಳ ಹಾಕುವುದು ಅಪಾಯಕರ. ಮಳೆಗಾಲದಲ್ಲಿ ಮತ್ತು ಭರತದ ಹೊತ್ತಿನಲ್ಲಿ ಅನಿರೀಕ್ಷಿತ ಅಲೆಗಳು ಮನುಷ್ಯರನ್ನು ಸೆಳೆದೊಯ್ಯುವುದುಂಟು.

ದೇವರ ಮೀನುಗಳು

ಗಾಳವನ್ನೇ ಹಾಕದೆ ಮೀನನ್ನು ಕಾಯುವ ಇನ್ನೊಂದು ಪರಂಪರೆಯೂ ಕರ್ನಾಟಕದಲ್ಲಿದೆ. ದೇವಾಲಯಗಳ ಬಳಿಯ ಮಡುಗಳಲ್ಲಿರುವ ಮೀನುಗಳನ್ನು ದೇವರ ಮೀನುಗಳೆಂದು ಭಾವಿಸಿ ಯಾರೂ ಹಿಡಿಯುವುದಿಲ್ಲ. ಭಕ್ತರು ಅಕ್ಕಿ, ಮಂಡಕ್ಕಿಗಳನ್ನು ಹಾಕುತ್ತಾರೆ. ಶೃಂಗೇರಿಯಲ್ಲಿ ತುಂಗಾ ನದಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆ, ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿ ಇಂತಹ ತಾಣಗಳು. ಶಿಶಿಲದಲ್ಲಿ ಹಿಂದೊಮ್ಮೆ ದುಷ್ಕರ್ಮಿಗಳು ಹೊಳೆಗೆ ವಿಷ ಬೆರೆಸಿದ್ದರಿಂದ ಅಸಂಖ್ಯ ಮೀನುಗಳು ಸತ್ತವು; ಅವುಗಳ ನೆನಪಿಗಾಗಿ ಅಲ್ಲಿ ಸ್ಮಾರಕವನ್ನು ನಿರ್ಮಿಸಲಾಗಿದೆ.

ಮೀನುಗಾರಿಕಾ ಇಲಾಖೆಯು ಇಂತಹ ಹಲವು ಮಡುಗಳನ್ನು ಮತ್ಸ್ಯಧಾಮಗಳೆಂದು ಗುರುತಿಸಿದೆ. ಕೊಡಗಿನ ಹಾರಂಗಿಯಲ್ಲಿ ಮಹಶೀರ್ ಮರಿ ಉತ್ಪಾದನಾ ಕೇಂದ್ರವಿದೆ. ಗೂನುಬೆನ್ನಿನ ಮಹಶೀರ್ ಈಗ ಕಾವೇರಿಯ ಉಪನದಿಗಳ ಕೆಲವೇ ಭಾಗಗಳಲ್ಲಿ, ವಿಶೇಷವಾಗಿ ಮೋಯಾರ್ ನದಿಯಲ್ಲಿ ಉಳಿದುಕೊಂಡಿದೆ. ಉಳಿದಿರುವ ನೆಲೆಗಳನ್ನು ಗುರುತಿಸುವುದು, ಹೊರಗಿನ ಮಹಶೀರ್ ಮರಿಗಳನ್ನು ಅಲ್ಲಿಗೆ ಬಿಡದಿರುವುದು ಮತ್ತು ಮಳೆಗಾಲದ ಹರಿವನ್ನು ಕಾಪಾಡುವುದು ಸಂರಕ್ಷಣೆಯ ತುರ್ತು ಕ್ರಮಗಳೆಂದು ತಜ್ಞರು ಸೂಚಿಸಿದ್ದಾರೆ.